ಆಂಬ್ರೋಸ್ ಡಕ್‌ವರ್ತನ ಕಂಚಿನ ಬಿಲ್ಲೆ

ಮಂಗಳವಾರ ಬೆಳಿಗ್ಗೆ ಬೆರಿಲ್ ತಿಂಡಿಗೆ ಬಂದು ಕುಳಿತಾಗ ಅವಳ ಸ್ವೆಟರಿನ ಎಡಗಡೆ ಒಂದು ಪದಕ ತೂಗಾಡುತ್ತಿತ್ತು. ಬೆಳ್ಳಿಯ ಪದಕ, ಕಡುನೀಲಿ ಪಟ್ಟಿ, ನಡುವೆ ಬಿಳಿ ಮತ್ತು ಕೆಂಪು ಗೆರೆಗಳು. ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ಕ್ಲಿಫರ್ಡ್ ಹಾರ್ಗ್ರೀವ್ಸ್‌ನ ಕೈ ಅಲ್ಲೇ ನಿಂತಿತು. ಮೂವತ್ತೆಂಟು ವರ್ಷಗಳಿಂದ ಪದಕಗಳನ್ನೇ ನೋಡಿಕೊಂಡು ಬಂದ ಕಣ್ಣು ಅವನದು. ಅಂಚಿನ ಮೇಲೆ ಕೊರೆದಿದ್ದ ಹೆಸರನ್ನು ಓದುವ ಅಗತ್ಯವೇ ಬೀಳಲಿಲ್ಲ.

"ಇದನ್ನ ಯಾರು ಕೊಟ್ರು ನಿಂಗೆ?"

"ರಾಜರು," ಎಂದಳು ಬೆರಿಲ್. "ಚೆನ್ನಾಗಿ ಕಾಣ್ತದಾ?"

ಅವನು ಎದ್ದು ಹಿಂದಿನ ಕೋಣೆಗೆ ಓಡಿದ. ಬೀರುವಿನ ಬಾಗಿಲು ತೆರೆದೇ ಇತ್ತು, ಕೀಲಿಕೈ ಅದರಲ್ಲೇ ಇತ್ತು. ಭಾನುವಾರ ಸಂಜೆ ಬೀಗ ಹಾಕಲು ಮರೆತದ್ದು ಅವನೇ. ಸಾಲಾಗಿ ಜೋಡಿಸಿದ ಮರದ ಟ್ರೇಗಳಲ್ಲಿ ಅವನ ಸಂಗ್ರಹ ಹಾಗೆಯೇ ಇತ್ತು. ಆದರೆ ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ ಹಸಿರು ಬಟ್ಟೆ ಮಾತ್ರ ಮುದುಡಿ ಬಿದ್ದಿತ್ತು. ಅದರೊಳಗೆ ಸುತ್ತಿಟ್ಟಿದ್ದ ಬಿಲ್ಲೆ ಇರಲಿಲ್ಲ.

ಅಂಗೈಯಗಲದ ಕಂಚಿನ ಬಿಲ್ಲೆ ಅದು. ಮೊದಲ ಮಹಾಯುದ್ಧದಲ್ಲಿ ಸತ್ತ ಪ್ರತಿಯೊಬ್ಬ ಸಿಪಾಯಿಯ ಮನೆಗೂ ಬ್ರಿಟಿಷ್ ಸರ್ಕಾರ ಅಂಥದೊಂದನ್ನು ಕಳಿಸಿತ್ತು. ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ ದೇವಿ, ಕಾಲ ಬಳಿ ಸಿಂಹ, ಅಕ್ಕಪಕ್ಕ ಎರಡು ಡಾಲ್ಫಿನ್, ಒಂದು ಪುಟ್ಟ ಚೌಕದಲ್ಲಿ ಉಬ್ಬಕ್ಷರದಲ್ಲಿ ಸತ್ತವನ ಹೆಸರು. ಕ್ಲಿಫರ್ಡನ ಊರಾದ ಬರ್ನ್ಲಿಯವರು ಅದನ್ನು ಕರೆಯುತ್ತಿದ್ದದ್ದು ಸತ್ತವನ ಪೆನ್ನಿ ಎಂದು. ಕಾಣೆಯಾದ ಬಿಲ್ಲೆಯ ಮೇಲಿದ್ದ ಹೆಸರು ಆಂಬ್ರೋಸ್ ಡಕ್‌ವರ್ತ್. ಅದು ಕ್ಲಿಫರ್ಡನದ್ದಲ್ಲ.

ಅವನು ಅಡುಗೆಮನೆಗೆ ಮರಳಿ ಬೆರಿಲಳ ಮುಂದೆ ಮೊಣಕಾಲೂರಿ ಕುಳಿತ.

"ಬೆರಿಲ್, ಹಸಿರು ಬಟ್ಟೇಲಿ ಒಂದು ದುಂಡನೆ ತಟ್ಟೆ ಇತ್ತಲ್ಲ, ಕಂದು ಬಣ್ಣದ್ದು, ಅದೆಲ್ಲಿ?"

"ಆ ಕೊಳಕು ತಟ್ಟೆನಾ? ಆ ಮನುಷ್ಯನಿಗೆ ಕೊಟ್ಟೆ."

"ಯಾವ ಮನುಷ್ಯ?"

"ವ್ಯಾನಿನವನು. ಹಳೆ ಕಬ್ಬಿಣ, ಹಳೆ ಹಿತ್ತಾಳೆ ಅಂತ ಮೈಕಲ್ಲಿ ಕೂಗ್ತಾ ಇದ್ದ ಪಾಪ. ಬರಿಗೈಲಿ ಕಳ್ಸೋಕಾಗತ್ತಾ? ಸ್ನಾನದ ಮನೆ ಹಳೆ ನಲ್ಲಿಗಳನ್ನೂ ಕೊಟ್ಟೆ. ಇದು ಪಳಪಳ ಅಂತಿತ್ತು, ಇದನ್ನ ನಾನಿಟ್ಕೊಂಡೆ."

ನಿನ್ನೆ ಮಧ್ಯಾಹ್ನ ಅವನು ಲೈಬ್ರರಿಗೆಂದು ಹೋಗಿದ್ದು ಒಂದೇ ಗಂಟೆ.

ಆಗ ಅವನು ಕಿರುಚಿದ. ಏನೇನು ಅಂದನೋ ಆಮೇಲೆ ಅವನಿಗೇ ನೆನಪಾಗಲಿಲ್ಲ; ಬಾಯಿಗೆ ಬಂದದ್ದೆಲ್ಲ ಅಂದಿದ್ದ. ನಲವತ್ತಾರು ವರ್ಷದ ಸಂಸಾರದಲ್ಲಿ, ಬೆರಿಲಳ ತಲೆ ಮಸುಕಾದ ಈ ಮೂರು ವರ್ಷಗಳಲ್ಲೂ, ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. ಬೆರಿಲ್ ಎರಡೂ ಕೈಗಳನ್ನು ಮೇಜಿನಡಿ ಬಚ್ಚಿಟ್ಟುಕೊಂಡಳು.

"ನಾನಲ್ಲ ಸಾರ್," ಎಂದಳು, ಮೇಷ್ಟರ ಮುಂದೆ ನಿಂತ ಶಾಲೆಯ ಹುಡುಗಿಯ ಸಣ್ಣ ದನಿಯಲ್ಲಿ. "ಡೋರೀನ್ ಮಾಡಿದ್ದು ಸಾರ್, ನಾನಲ್ಲ."

ಅವನ ಸಿಟ್ಟು ಅಲ್ಲೇ ಇಳಿದುಹೋಯಿತು. ಆದರೆ ಸಿಟ್ಟು ಇಳಿದ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದಾಗಿತ್ತು.

ಎಲ್ಸಿ ಡಕ್‌ವರ್ತ್ ಆ ಬಿಲ್ಲೆಯನ್ನು ಅವನ ಕೈಗಿಟ್ಟದ್ದು ಜನವರಿಯಲ್ಲಿ. ತೊಂಬತ್ತೆರಡರ ಮುದುಕಿ, ಮದುವೆಯಾಗದವಳು, ಬಟ್ಟೆ ಗಿರಣಿಯಲ್ಲಿ ನಲವತ್ತೇಳು ವರ್ಷ ಮಗ್ಗ ನಡೆಸಿದವಳು. ಹತ್ತು ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ. ಅವಳು ಹುಟ್ಟುವ ಮೊದಲೇ ಅಪ್ಪ ಯುದ್ಧಕ್ಕೆ ಹೋಗಿದ್ದ. ಮಗಳ ಮುಖ ನೋಡದೆ ಫ್ರಾನ್ಸಿನಲ್ಲಿ ಸತ್ತ. ಶೌರ್ಯಕ್ಕೆಂದು ಕೊಟ್ಟ ಬೆಳ್ಳಿ ಪದಕವನ್ನು ಅವಳಮ್ಮ ಡಬ್ಬಿಯಲ್ಲಿಟ್ಟು ಮುಚ್ಚಿದವಳು ಮತ್ತೆ ತೆಗೆಯಲಿಲ್ಲ. ಬಿಲ್ಲೆ ಮಾತ್ರ ಒಲೆಯ ಮೇಲಿನ ಹಲಗೆಯಲ್ಲಿ ನಿಂತಿತ್ತು. ಪ್ರತಿ ಶುಕ್ರವಾರ ಅದನ್ನು ತಿಕ್ಕಿ ಹೊಳೆಯಿಸುವುದು ಎಲ್ಸಿಯ ಕೆಲಸ. ನಾಲ್ಕು ವರ್ಷದವಳಿದ್ದಾಗಿನಿಂದ ತಿಕ್ಕಿ ತಿಕ್ಕಿ ದೇವಿಯ ಮೂಗು ಹೋಗಿತ್ತು, ಸಿಂಹ ಕುರಿಯಾಗಿತ್ತು, ಆಂಬ್ರೋಸ್ ಎಂಬ ಹೆಸರು ಬೆರಳಿಗಷ್ಟೇ ತಿಳಿಯುವ ಉಬ್ಬಾಗಿ ಉಳಿದಿತ್ತು.

ಲೈಬ್ರರಿಯಲ್ಲಿ ಕ್ಲಿಫರ್ಡ್ ಪದಕಗಳ ಬಗ್ಗೆ ಮಾತಾಡಿದ್ದನ್ನು ಯಾರೋ ಅವಳಿಗೆ ಹೇಳಿದ್ದರು. "ಅಪ್ಪ ಸತ್ತ ಜಾಗ ಯಾವುದು ಅಂತ ಹುಡುಕಿಕೊಡು," ಎಂದು ಕರೆಸಿಕೊಂಡಿದ್ದಳು. ಫೋಟೋ ತೆಗೆದು ಎರಡು ವಾರದಲ್ಲಿ ವಾಪಸ್ ತರುತ್ತೇನೆಂದು ಅವನು ಪದಕ, ಬಿಲ್ಲೆ ಎರಡನ್ನೂ ಒಯ್ದಿದ್ದ. ಈಗ ಮಾರ್ಚ್ ಕೊನೆ.

ಜಾಗ ಮೊದಲ ವಾರದಲ್ಲೇ ಸಿಕ್ಕಿತ್ತು. ಫೋಟೋಗಳೂ ಆಗಿದ್ದವು. ಎಲ್ಸಿ ಇದ್ದ ವೃದ್ಧಾಶ್ರಮದ ನರ್ಸ್ ಕೊಲೀನ್ ಎರಡು ಸಲ ಫೋನ್ ಮಾಡಿದಾಗ ಅವನು "ಇನ್ನೊಂದು ಕಾಗದ ಬರಬೇಕು, ಮುಂದಿನ ವಾರ" ಎಂದಿದ್ದ. ಯಾವ ಕಾಗದವೂ ಬರಬೇಕಿರಲಿಲ್ಲ. ಅವನು ಸಂಗ್ರಹಿಸುತ್ತಿದ್ದದ್ದು ಒಂದೇ ಪಡೆಯವರ ಪದಕಗಳನ್ನು, ಈಸ್ಟ್ ಲ್ಯಾಂಕಶೈರ್‌ನ ಒಂದೇ ಒಂದು ತುಕಡಿಯದ್ದನ್ನು. ಆಂಬ್ರೋಸ್ ಅದೇ ತುಕಡಿಯವನು. ಎಲ್ಸಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನು ಏನನ್ನು ಕಾಯುತ್ತಿದ್ದಾನೆಂಬುದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಆದರೆ ಖಾಲಿ ಬಟ್ಟೆಯನ್ನು ನೋಡಿದ ಆ ಬೆಳಿಗ್ಗೆ ಅದು ತಾನಾಗಿ ಎದ್ದು ಎದುರಿಗೆ ನಿಂತಿತು.

ಬೆರಿಲಳ ಸ್ವೆಟರಿನಿಂದ ಪದಕವನ್ನು ಬಿಚ್ಚುತ್ತಿದ್ದಾಗ ಫೋನ್ ಬಂತು. ಕೊಲೀನಳೇ.

"ಕ್ಲಿಫರ್ಡ್, ಇವತ್ತು ಬನ್ನಿ," ಎಂದಳು. "ಎದೇಲಿ ಕಫ ಕಟ್ಟಿದೆ. ಇನ್ನು ಎರಡು ದಿನವೋ ಮೂರು ದಿನವೋ ಅಂತಾರೆ ಡಾಕ್ಟರು. ಅಪ್ಪ ಬಂದ್ನಾ, ಅಪ್ಪ ಬಂದ್ನಾ ಅಂತ ಕೇಳ್ತಾನೇ ಇದ್ದಾಳೆ. ಆ ತಟ್ಟೆನ ಅವಳು ಅಪ್ಪ ಅಂತಾನೇ ಕರೆಯೋದು, ನಿಮಗೆ ಗೊತ್ತಲ್ಲ."

"ಮಧ್ಯಾಹ್ನ ಬರ್ತೀನಿ," ಎಂದ ಕ್ಲಿಫರ್ಡ್.

ಗುಜರಿ ಅಂಗಳ ಕಾಲುವೆಯ ಪಕ್ಕದಲ್ಲಿತ್ತು. ಬೆರಿಲಳಿಗೆ ಕೋಟು ಹಾಕಿಸಿ ಕಾರಿನಲ್ಲಿ ಕೂರಿಸಿಕೊಂಡೇ ಹೋದ; ಒಬ್ಬಳನ್ನೇ ಬಿಡುವ ಧೈರ್ಯ ಉಳಿದಿರಲಿಲ್ಲ. ಅಂಗಳದ ಒಡತಿ ಗ್ಲೆಂಡಾ, ಗಂಡಸರ ಬೂಟು ಹಾಕಿದ ದಪ್ಪ ಹೆಂಗಸು, ಟೀ ಮಗ್ ಹಿಡಿದು ಅವನ ಮಾತನ್ನೆಲ್ಲ ಕೇಳಿದಳು.

"ಅದು ಟೆರಿ ವ್ಯಾನು. ನಿನ್ನೆ ಸಂಜೆ ತಂದು ಹಾಕಿದ್ದ. ಹಿತ್ತಾಳೆ ಗುಡ್ಡೆ ಅಲ್ಲಿದೆ, ನೋಡ್ಕೊಳ್ಳಿ ಯಜಮಾನ್ರೇ. ಕೈಗೆ ಇದನ್ನ ಹಾಕ್ಕೊಳ್ಳಿ, ಇಲ್ದಿದ್ರೆ ಚರ್ಮ ಕಿತ್ತು ಬರತ್ತೆ," ಎಂದು ಚರ್ಮದ ಕೈಗವಸು ಎಸೆದಳು.

ಎಪ್ಪತ್ತೆರಡರ ಮಂಡಿಗಳನ್ನು ಕೆಸರಿಗೂರಿ ಕ್ಲಿಫರ್ಡ್ ಆ ಗುಡ್ಡೆಯನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ಬಾಗಿಲ ಹಿಡಿಗಳು, ದೀಪದ ಬುಡಗಳು, ಕುದುರೆ ಲಾಳದ ಅಲಂಕಾರಗಳು, ಯಾವುದೋ ಹೋಟೆಲಿನ ಗಂಟೆ. ತುಂತುರು ಮಳೆ ಹಿಡಿದಿತ್ತು. ಒಂದು ಗಂಟೆಯ ಮೇಲೆ ಅವನ ಸ್ವಂತ ಮನೆಯ ನಲ್ಲಿಗಳು ಸಿಕ್ಕವು. ಬಿಸಿನೀರಿನದರ ಮೇಲೆ ಅವನೇ ಬಳಿದಿದ್ದ ಕೆಂಪು ಚುಕ್ಕೆ ಇತ್ತು. ಆಸುಪಾಸನ್ನೆಲ್ಲ ಎರಡೂ ಕೈಯಿಂದ ಕೆದಕಿದ. ಇಲ್ಲ.

"ಕಂಚು ಅಂದ್ರಾ ನೀವು?" ಹಿಂದಿನಿಂದ ಗ್ಲೆಂಡಾ ಕೇಳಿದಳು. "ನಾನು ಹಿತ್ತಾಳೆ ಅಂದ್ಕೊಂಡೆ. ಕಂಚು ಬೇರೆ, ಹಿತ್ತಾಳೆ ಬೇರೆ. ಕಂಚಿನ ಡ್ರಮ್ಮು ಇವತ್ತು ಬೆಳಿಗ್ಗೆ ಆರಕ್ಕೆ ಲಾರಿ ಹತ್ತಿತು."

"ಎಲ್ಲಿಗೆ?"

"ತಡೀರಿ, ಕೇಳ್ತೀನಿ."

ಅವಳು ಒಳಗೆ ಹೋಗಿ ಫೋನ್ ಮಾಡಿದಳು. ಗಾಜಿನ ಕಿಟಕಿಯಿಂದ ಕ್ಲಿಫರ್ಡ್ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ಒಂದು ಸಲ ಅವನ ಕಡೆ ನೋಡಿ ಬೆನ್ನು ತಿರುಗಿಸಿದಳು. ಅಷ್ಟರಲ್ಲೇ ಅವನಿಗೆ ತಿಳಿಯಿತು.

"ಒಂಬತ್ತಕ್ಕೇ ಕುಲುಮೆಗೆ ಸುರಿದಾಯ್ತಂತೆ," ಎಂದಳು ಹೊರಗೆ ಬಂದು. "ಯಾರದಿತ್ತು, ನಿಮ್ಮ ಅಜ್ಜಂದಾ?"

"ಅಲ್ಲ. ಬೇರೆಯವರದ್ದು."

"ಅಯ್ಯೋ. ಅದಂತೂ ಇನ್ನೂ ಕಷ್ಟ," ಎಂದು ಗ್ಲೆಂಡಾ ಕಾರಿನಲ್ಲಿದ್ದ ಬೆರಿಲಳಿಗೆ ತನ್ನ ಬಿಸ್ಕತ್ತಿನ ಪೊಟ್ಟಣವನ್ನೇ ಕೊಟ್ಟಳು.

ಮನೆಗೆ ಬಂದಾಗ ಹನ್ನೆರಡೂವರೆ. ಕ್ಲಿಫರ್ಡನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಟನ್ನೂ ಬಿಚ್ಚದೆ ಅವನು ಬೀರುವಿನ ಮೇಲಿನ ಟ್ರೇ ಎಳೆದ. ಅಲ್ಲಿ ಅವನ ಸಂಗ್ರಹದ ಕಣ್ಮಣಿ ಇತ್ತು: ಜೇಬೆಜ್ ಆಸ್ಪಿನಾಲ್ ಎಂಬವನ ಸತ್ತವನ ಪೆನ್ನಿ. ಅದೇ ತುಕಡಿಯವನು, ಆಂಬ್ರೋಸ್ ಸತ್ತ ದಿನವೇ ಸತ್ತವನು. ರಾಜನ ಕಾಗದದ ಸಮೇತ, ಅಂಚೆಯಲ್ಲಿ ಬಂದ ರಟ್ಟಿನ ಲಕೋಟೆಯಲ್ಲೇ ತೊಂಬತ್ತು ವರ್ಷ ಇದ್ದ ಬಿಲ್ಲೆ. ಟಂಕಸಾಲೆಯಿಂದ ಈಗಷ್ಟೇ ಬಂದಂತಿತ್ತು. ಸಿಂಹದ ಒಂದೊಂದು ಕೂದಲೂ ಕಾಣುತ್ತಿತ್ತು.

ಎಲ್ಸಿಗೆ ಕಣ್ಣಿಲ್ಲ, ಬೆರಳಿದೆ. ಬೆರಳಿಗೆ ಈ ಚೂಪು ಅಕ್ಷರ ಸಿಕ್ಕಿದರೆ ಮುಗಿಯಿತು.

ಅವನು ಅದನ್ನು ಗ್ಯಾರೇಜಿಗೆ ಒಯ್ದು ಮೇಜಿನ ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ಉಪ್ಪುಕಾಗದ ತೆಗೆದುಕೊಂಡು ತಿಕ್ಕತೊಡಗಿದ. ಮೊದಲು ದೇವಿಯ ಮುಖ. ಆಮೇಲೆ ಸಿಂಹ. ಕಂಚಿನ ಪುಡಿ ಚಿನ್ನದ ಬಣ್ಣದಲ್ಲಿ ಅವನ ಒದ್ದೆ ತೋಳಿಗೆ ಅಂಟಿತು. ಆಮೇಲೆ ಹೆಸರಿನ ಚೌಕಕ್ಕೆ ಬಂದ. ಜೇಬೆಜ್ ಎಂಬುದರ ಮೊದಲ ಅಕ್ಷರ ಸವೆಯಿತು, ಎರಡನೆಯದು ಸವೆಯಿತು. ಸವೆಯಲಿ ಎಂದು ಹಲ್ಲು ಕಚ್ಚಿ ತಿಕ್ಕಿದ.

"ಯಾರ ಹೆಸರು ಅದು?"

ಬೆರಿಲ್ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಸ್ಕತ್ತು.

"ಯಾರದೋ."

"ಅವನು ಏನು ಮಾಡಿದ? ಯಾಕೆ ಅಳಿಸ್ತಾ ಇದ್ದೀ?"

ಕ್ಲಿಫರ್ಡನ ಕೈ ನಿಂತಿತು. ಮೂವತ್ತೆಂಟು ವರ್ಷ ಅವನು ಪದಕಗಳ ಮೇಳದಿಂದ ಮೇಳಕ್ಕೆ ಅಲೆದದ್ದು, ಬಸ್ ಕಂಪನಿಯ ಕೆಲಸದ ರಜೆಗಳನ್ನೆಲ್ಲ ಸ್ಮಶಾನಗಳಲ್ಲಿ ಕಳೆದದ್ದು, ಈ ಹೆಸರುಗಳು ಅಳಿಯಬಾರದೆಂದು. ಹಾಗೆಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ. ಇಕ್ಕಳದಿಂದ ಬಿಲ್ಲೆಯನ್ನು ಬಿಡಿಸಿ ನೋಡಿದ. ಜೇಬೆಜನ ಹೆಸರಿನಲ್ಲಿ ಅರ್ಧ ಉಳಿದಿತ್ತು. ಮತ್ತೆ ಹಾಕಲು ಬರುವಂಥದ್ದಲ್ಲ.

ಆದರೂ ಅವನು ಅದನ್ನೇ ಹಸಿರು ಬಟ್ಟೆಯಲ್ಲಿ ಸುತ್ತಿದ. ಬೇರೆ ಏನೂ ಹೊಳೆಯಲಿಲ್ಲ.

ವೃದ್ಧಾಶ್ರಮದಲ್ಲಿ ಕೊಲೀನ್ ಬೆರಿಲಳನ್ನು ಟಿವಿ ಇದ್ದ ಕೋಣೆಗೆ ಕರೆದೊಯ್ದು ಟೀ ಕೊಡಿಸಿದಳು. ಎಲ್ಸಿ ಮೂರು ದಿಂಬುಗಳಿಗೆ ಒರಗಿದ್ದಳು. ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಏನೋ ಕುದಿಯುವ ಸದ್ದು.

"ಕ್ಲಿಫರ್ಡ್ ಬಂದಿದ್ದೀನಿ, ಮಿಸ್ ಡಕ್‌ವರ್ತ್."

"ಬಂದ್ಯಾ ಹುಡುಗಾ. ಕೊಡು ಅಪ್ಪನ್ನ."

ಮೊದಲು ಅವನು ಬೆಳ್ಳಿ ಪದಕವನ್ನು ಕೊಟ್ಟ. ಅವಳು ಅದನ್ನು ಮುಟ್ಟಿ ನೋಡಿ ಹೊದಿಕೆಯ ಮೇಲೆ ಬಿಟ್ಟಳು. ಕೈ ಚಾಚಿಯೇ ಇತ್ತು. ಬಟ್ಟೆ ಬಿಚ್ಚಿ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟ.

ಎಲ್ಸಿ ಹೆಬ್ಬೆರಳನ್ನು ಅದರ ಮೇಲೆ ಒಂದೇ ಸಲ ಆಡಿಸಿದಳು. ಮಗ್ಗದ ಒಂದು ಎಳೆ ತಪ್ಪಿದ್ದರೂ ಕತ್ತಲೆಯಲ್ಲೇ ಹಿಡಿಯುತ್ತಿದ್ದ ಬೆರಳು ಅದು. ಮತ್ತೆ ಹಿಂದಕ್ಕೆ ತಂದಳು. ಮುಖ ಗೋಡೆಯಂತಾಯಿತು.

"ಇದಕ್ಕೆ ಉಪ್ಪುಕಾಗದ ಹಾಕಿದ್ದಾರೆ," ಎಂದಳು. "ಬಟ್ಟೇಲಿ ಸವೆದದ್ದು ಸಾಬೂನಿನ ಹಾಗಿರತ್ತೆ. ಇದು ಕಚ್ಚಿದ ಹಾಗಿದೆ. ಇದು ಯಾರು?"

ಕ್ಲಿಫರ್ಡ್ ಹಸಿರು ಬಟ್ಟೆಯನ್ನು ಮಡಿಸತೊಡಗಿದ.

"ಯಾರಿದು ಅಂತ ಕೇಳ್ದೆ."

"ಜೇಬೆಜ್ ಆಸ್ಪಿನಾಲ್ ಅಂತ. ನಿಮ್ಮ ತಂದೆಯ ಜೊತೆಗಿದ್ದವನು."

"ನಮ್ಮಪ್ಪ ಎಲ್ಲಿ?"

ಅವನು ಹೇಳಿದ. ಬೀಗ ಮರೆತದ್ದು, ವ್ಯಾನು, ಬೆರಿಲ್, ಗುಡ್ಡೆ, ಕುಲುಮೆ. ಎಲ್ಸಿ ತಡೆಯದೆ ಕೇಳಿದಳು. ಬೆರಿಲ್ ಪದಕ ಹಾಕಿಕೊಂಡು ತಿಂಡಿಗೆ ಕುಳಿತಿದ್ದಳೆಂದಾಗ ಮಾತ್ರ "ನಮ್ಮಮ್ಮ ಯಾರನ್ನೂ ಮುಟ್ಟಕ್ಕೆ ಬಿಡ್ತಿರಲಿಲ್ಲ ಅದನ್ನ" ಎಂದಳು.

"ನಿನ್ನ ಹೆಂಡ್ತಿಗೆ ತಲೆ ಸರಿ ಇಲ್ಲ, ಪಾಪ, ಅವಳ ಮೇಲೆ ಹೇಳೋದು ಸುಲಭ," ಎಂದಳು ಕೊನೆಗೆ. "ಎರಡು ವಾರ ಅಂದಿದ್ದೆ. ಎರಡು ತಿಂಗಳ ಮೇಲಾಯ್ತು. ನಾನು ಸಾಯ್ಲಿ ಅಂತ ಕಾಯ್ತಾ ಇದ್ದೆ, ಅಲ್ವಾ?"

ಕ್ಲಿಫರ್ಡ್ ಕಿಟಕಿಯ ಕಡೆ ನೋಡಿದ. ಅಲ್ಲ ಎಂದು ಹೇಳಬಹುದಿತ್ತು. ಸಾಯುವ ಮುದುಕಿ, ನಂಬಿದರೂ ನಂಬಿಯಾಳು.

"ಹೌದು," ಎಂದ.

"ಹ್ಞೂಂ." ಅವಳು ತಲೆಯಾಡಿಸಿದಳು. "ಜಾಗ ಸಿಕ್ತಾ?"

"ಮೊದಲ ವಾರದಲ್ಲೇ ಸಿಕ್ಕಿತ್ತು. ಆರಾಸ್ ಅನ್ನೋ ಊರಿನ ಹತ್ರ, ಒಂದು ಹಳ್ಳದ ದಾರಿ. ಮುಂದಿದ್ದವರಿಗೆ ಕುಡಿಯೋ ನೀರು ಹೊತ್ಕೊಂಡು ಹೋಗ್ತಿದ್ರು ನಿಮ್ಮ ತಂದೆ. ಎರಡು ಸಲ ಹೋಗಿ ಬಂದ್ರಂತೆ. ಮೂರನೇ ಸಲ ಬರ್ಲಿಲ್ಲ."

"ನೀರು," ಎಂದಳು ಎಲ್ಸಿ. "ಇಷ್ಟು ಹೇಳೋಕೆ ಎರಡು ತಿಂಗಳು ಬೇಕಾಯ್ತಾ ನಿಂಗೆ?"

ಅವನು ಕುರ್ಚಿಯಿಂದ ಏಳಲು ಹೋದ. ಅವಳ ಕೈ ಗಾಳಿಯಲ್ಲಿ ತಡಕಾಡಿ ಅವನ ತೋಳು ಹಿಡಿಯಿತು. ಎಲುಬಿನ ಕೈ, ಆದರೆ ಬಲವಾಗಿತ್ತು.

"ಎಲ್ಲಿಗೆ ಹೋಗ್ತೀಯ? ಕೂತ್ಕೋ. ನೀನು ಅದನ್ನ ಎರಡು ತಿಂಗಳು ದಿಟ್ಟಿಸಿ ನೋಡಿದ್ದೀಯ. ನನಗೆ ಕಣ್ಣು ಹೋಗಿ ಹತ್ತು ವರ್ಷ. ಹೇಳು, ಹೇಗಿತ್ತು ಅಂತ. ಒಂದೂ ಬಿಡ್ಬೇಡ."

ಕ್ಲಿಫರ್ಡ್ ಕುಳಿತ. ಅಂಚಿನಿಂದ ಶುರುಮಾಡಿದ. ಮೇಲ್ಗಡೆ ಸ್ವಲ್ಪ ಬಲಕ್ಕೆ ಒಂದು ಕಚ್ಚು ಇತ್ತು.

"ನಾನು ಬೀಳಿಸಿದ್ದು. ಆರು ವರ್ಷ ಆಗಿತ್ತು ನನಗೆ. ಅಮ್ಮ ಮೂರು ದಿನ ಮಾತಾಡ್ಲಿಲ್ಲ. ಮುಂದೆ."

ದೇವಿಯ ಮುಖ ಪೂರ್ತಿ ನುಣುಪು, ಆದರೆ ಶಿರಸ್ತ್ರಾಣದ ಹಿಂದೆ, ಬಟ್ಟೆ ಹೋಗದ ಸಂದಿಯಲ್ಲಿ, ಹಸಿರು ಬಣ್ಣದ ಹೊಲಸು ಕೂತಿತ್ತು. ಸಿಂಹದ ಬಾಲ ಮಾತ್ರ ಹೊಸದರ ಹಾಗಿತ್ತು.

"ಬಾಲ ತಿಕ್ಕೋದು ನಂಗಿಷ್ಟ ಇರ್ಲಿಲ್ಲ. ಡಾಲ್ಫಿನ್ ಹೇಳು."

"ಎರಡು. ಎಡಗಡೆಯದಕ್ಕೆ ಕಣ್ಣಿತ್ತು."

"ಬಲಗಡೆಯದಕ್ಕೆ."

"ಇಲ್ಲ ಮಿಸ್ ಡಕ್‌ವರ್ತ್, ಎಡಗಡೆಯದಕ್ಕೇ. ನನ್ನ ಹತ್ರ ಫೋಟೋ ಇದೆ."

"ಫೋಟೋ ಇದ್ಯಂತೆ ಇವನ ಹತ್ರ," ಎಂದು ಎಲ್ಸಿ ಹಾಸಿಗೆಗೆ ಹೇಳಿದಂತೆ ಹೇಳಿದಳು. "ಮುಖ ಆಚೆ ಮಾಡಿ ಹಿಡ್ಕೊಂಡ್ರೆ ನನ್ನ ಬಲಗೈ ಕಡೆ. ಸರಿ, ಸರಿ, ಅದೇ ಇರ್ಬೇಕು. ಮುಂದೆ ಹೇಳು."

ಹೀಗೆ ಒಂದು ಗಂಟೆ ನಡೆಯಿತು. ಅವನು ಹೇಳುತ್ತಿದ್ದ, ಅವಳು ಜೇಬೆಜನ ಬಿಲ್ಲೆಯ ಮೇಲೆ ಬೆರಳು ಆಡಿಸುತ್ತ, ಇಲ್ಲಿ ಇನ್ನೂ ತೆಳುವಿತ್ತು, ಇಲ್ಲಿ ಗುಳಿ ಇತ್ತು, ಎನ್ನುತ್ತಿದ್ದಳು. ಹೆಸರಿನ ಚೌಕಕ್ಕೆ ಬಂದಾಗ ಅವನಿಗಿಂತ ಮೊದಲೇ ಅವಳು ಆಂಬ್ರೋಸ್ ಎಂಬುದರ ಏಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಮುಗಿಸಿದಳು.

ಕೊಲೀನ್ ಬಂದು ಸಾಕೆಂದು ಸನ್ನೆ ಮಾಡಿದಳು. ಎಲ್ಸಿ ಬಿಲ್ಲೆಯನ್ನು ಅವನತ್ತ ಚಾಚಿದಳು.

"ಇದು ನನಗೆ ಬೇಡ. ಇವನಿಗೂ ಯಾರಾದ್ರೂ ಇದ್ದಿರ್ತಾರೆ. ನೀನು ಹೇಳಿದ್ದು ಒಳ್ಳೇದಾಯ್ತು, ಹುಡುಗಾ. ಆದ್ರೆ ನಾನು ಕ್ಷಮಿಸಿಲ್ಲ. ಕ್ಷಮಿಸಿದ್ದಾಳೆ ಅಂದ್ಕೊಂಡು ಮನೆಗೆ ಹೋಗ್ಬೇಡ."

"ಇಲ್ಲ," ಎಂದ ಕ್ಲಿಫರ್ಡ್.

ಗುರುವಾರ ಬೆಳಿಗ್ಗೆ ಅವಳು ತೀರಿಕೊಂಡಳು. ಶವಸಂಸ್ಕಾರಕ್ಕೆ ಆರು ಜನ. ಪದಕವನ್ನು ಅವಳ ಜೊತೆಗೇ ಇಟ್ಟಿದ್ದರು. ಅವನು ಹಿಂದಿನ ಬೆಂಚಿನಲ್ಲಿ ಬೆರಿಲಳ ಕೈ ಹಿಡಿದು ಕುಳಿತು ಎದ್ದು ಬಂದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ವಾರ ಅವನು ಬೀರುವಿನ ಎಲ್ಲ ಖಾನೆಗಳನ್ನೂ ಹಾಸಿಗೆಯ ಮೇಲೆ ಬೋರಲು ಹಾಕಿದ. ಅವನದ್ದಲ್ಲದವು ಬೇರೆಯಾಗಿ ಬಿದ್ದವು. ಫೋಟೋಗೆಂದು ತಂದದ್ದು, ನಾಲ್ಕು ದಿನಕ್ಕೆಂದು ತಂದದ್ದು, ಮುಂದಿನ ತಿಂಗಳು ಕೊಡುತ್ತೇನೆಂದು ತಂದದ್ದು. ಒಂದು ಟೋಪಿಯ ಬಿಲ್ಲೆ, ಎರಡು ಪದಕಗಳ ಜೋಡಿ, ಯುದ್ಧಕೈದಿಯೊಬ್ಬ ಬರೆದ ಕಾಗದಗಳ ಕಟ್ಟು, ನರ್ಸೊಬ್ಬಳಿಗೆ ಅರಮನೆಯಲ್ಲಿ ಕೊಟ್ಟ ಗೌರವ ಶಿಲುಬೆ. ಒಟ್ಟು ಐದು ಮನೆಯವು. ಎಲ್ಲಕ್ಕಿಂತ ಹಳೆಯದು ಹನ್ನೊಂದು ವರ್ಷದ ಹಿಂದಿನದು. ಯಾವುದನ್ನೂ ಅವನು ಕದ್ದಿರಲಿಲ್ಲ. ಕೇಳಿದ್ದರೆ ಎಲ್ಲರಿಗೂ ಹಾಗೇ ಹೇಳುತ್ತಿದ್ದ.

ಅವುಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ವಿಳಾಸಗಳ ಪಟ್ಟಿ ಬರೆದು, ಬೆರಿಲಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಮೊದಲ ಮನೆ ಪಾಡಿಹಮ್ ರಸ್ತೆಯಲ್ಲಿತ್ತು. ಶಿಲುಬೆ ಪಡೆದ ಆ ನರ್ಸಿನ ತಂಗಿಯ ಮನೆ. ಹಿಂದೆ ಬಂದಾಗ ನೀಲಿಯಿದ್ದ ಬಾಗಿಲು ಈಗ ಬಿಳಿಯಾಗಿತ್ತು. ಬೆಲ್ ಒತ್ತಿದ. ಮಗುವನ್ನು ಸೊಂಟಕ್ಕೇರಿಸಿಕೊಂಡ ಯುವಕನೊಬ್ಬ ತೆರೆದ.

"ಮಿಸೆಸ್ ಎಂಟ್‌ವಿಸಲ್ ಇದ್ದಾರಾ?"

"ಆಯಮ್ಮ ತೀರಿಕೊಂಡು ನಾಲ್ಕು ವರ್ಷ ಆಯ್ತಲ್ಲ," ಎಂದ ಯುವಕ. "ನಾವು ಅವರಿಂದ ಈ ಮನೆ ತಗೊಂಡ್ವಿ, ಅಂದ್ರೆ ಅವರ ವಕೀಲರಿಂದ. ನೀವು ಅವರ ಕಡೆಯವರಾ?"

"ಅಲ್ಲ. ಅವರದ್ದೊಂದು ವಸ್ತು ಕೊಡೋದಿತ್ತು."

"ಅವರ ಕಡೆ ಯಾರೂ ಇಲ್ಲಿ ಬಂದಿಲ್ಲಪ್ಪ. ಬೇಕಾದ್ರೆ ವಕೀಲರ ನಂಬರ್ ಹುಡುಕಿಕೊಡ್ತೀನಿ."

ಯುವಕ ಒಳಗೆ ಹೋದ. ತೆರೆದ ಬಾಗಿಲ ಮುಂದೆ ಶಿಲುಬೆಯ ಡಬ್ಬಿ ಹಿಡಿದು ಕ್ಲಿಫರ್ಡ್ ನಿಂತೇ ಇದ್ದ. ಒಳಗಿನಿಂದ ಡ್ರಾಯರು ಎಳೆಯುವ ಸದ್ದು, ಮಗು ರಚ್ಚೆ ಹಿಡಿದ ಸದ್ದು ಬಂತು. ಕೊನೆಗೆ ಯುವಕ ಬಂದು ಸಿಗಲಿಲ್ಲವೆಂದು ಕೈಯಾಡಿಸಿದ.

ಕ್ಲಿಫರ್ಡ್ ಕಾರಿಗೆ ಮರಳಿ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟ. ಪಟ್ಟಿಯಲ್ಲಿ ಎರಡನೆಯ ವಿಳಾಸ ಕೋಲ್ನ್‌ನದು, ಆರು ಮೈಲಿ.

"ಮನೆಗಾ?" ಬೆರಿಲ್ ಕೇಳಿದಳು.

"ಇನ್ನೂ ಇಲ್ಲ," ಎಂದು ಅವನು ಅವಳ ಬೆಲ್ಟ್ ಸರಿಮಾಡಿ ಗಾಡಿ ತಿರುಗಿಸಿದ.